ಗುಂಡುಕಳ್ಳಿಯ ಸೂತಕ

ಫೆಬ್ರವರಿ 9, ಭಾನುವಾರ

ಈ ದಿನ ಸಾನ್ ಫುಲ್ಗೆನ್ಸಿಯೋ ಊರಿನ ಘನ ಮಹಾಸಭೆಯು ಸದರಿ ಊರಿನ ಎದೆಲ್ಮೀರಾ ಎಂಬ ಹದಿನೆಂಟು ವರ್ಷದ ಅಮಾಯಕ ಹೆಣ್ಣುಮಗಳಿಗೆ ಶಿಕ್ಷೆ ವಿಧಿಸಿತು. ಆ ಹೆಣ್ಣುಮಗಳು ನಾನೇ. ವಕೀಲರಿರಲಿಲ್ಲ, ಸಾಕ್ಷಿಗಳಿರಲಿಲ್ಲ, ಮೇಲ್ಮನವಿಗೆ ಅವಕಾಶವಿರಲಿಲ್ಲ. ಇದ್ದದ್ದು ಒತೀಲಿಯಾ ಚಿಕ್ಕಮ್ಮನ ಅಳು ಮಾತ್ರ.

ನಡೆದದ್ದಿಷ್ಟು. ಹದ್ದಿನ ದಿಬ್ಬದ ಕಳ್ಳಿಕಾಡನ್ನು ಊರೇ ಸೇರಿ ಕಾಯ್ದುಕೊಂಡು ಬಂದಿದೆ. ಶನಿವಾರ, ಭಾನುವಾರ ಪಟ್ಟಣದಿಂದ ಬರುವ ಸಂಸಾರಗಳನ್ನು ಚಿಕ್ಕಮ್ಮ ಅಲ್ಲಿ ನಡೆಸಿಕೊಂಡು ಹೋಗಿ ತೋರಿಸುತ್ತಾಳೆ. ಹೋದ ವಾರ ನಾನು ದಾರಿಯ ಬಾಗಿಲಿಗೆ ಒಂದು ಹಲಗೆ ನೇತುಹಾಕಿದ್ದೆ: "ಬೆಳಗಿನ ಹೊತ್ತು ಕಳ್ಳಿಗಳು ಮಲಗಿರುತ್ತವೆ. ದಯವಿಟ್ಟು ಪಿಸುಮಾತಿನಲ್ಲೇ ಮಾತಾಡಿ." ಪ್ವೆಬ್ಲಾ ಪಟ್ಟಣದಿಂದ ಬಂದ ಒಂದು ಬಸ್ಸು ಜನ ಅದನ್ನು ಓದಿದರು, ನಂಬಿದರು, ನಡಿಗೆಯುದ್ದಕ್ಕೂ ಪಿಸುಗುಟ್ಟಿದರು. ಮೊದಲೇ ಕಿವಿ ಮಂದವಾಗಿರುವ ಚಿಕ್ಕಮ್ಮ, ಇದ್ದಬದ್ದ ಕಿವಿಯೂ ಹೋಯಿತೆಂದುಕೊಂಡು, ಸೀದಾ ಚರ್ಚಿಗೆ ಹೋಗಿ ಮೇಣದಬತ್ತಿ ಹಚ್ಚಿ ಅತ್ತಳು. ಕಲೆಯ ದೃಷ್ಟಿಯಿಂದ ನೋಡಿದರೆ ಇದು ನನ್ನ ಈವರೆಗಿನ ಶ್ರೇಷ್ಠ ಕೃತಿ. ಸಭೆ ಕಲೆಯ ದೃಷ್ಟಿಯಿಂದ ನೋಡಲಿಲ್ಲ.

ತೀರ್ಪು: ನಡಿಗೆಯಲ್ಲಿ ಚಿಕ್ಕಮ್ಮನಿಗೆ ಸಹಾಯಕಿಯಾಗಿ ಊರ ಬಿಟ್ಟಿ ಚಾಕರಿ.

"ಎಷ್ಟು ದಿನ?" ಎಂದು ಕೇಳಿದೆ.

ಅಧ್ಯಕ್ಷ ದೋನ್ ಎಲಾದಿಯೋ ಕನ್ನಡಕ ತೆಗೆದು ಒರೆಸಿಕೊಂಡರು. "ನಡಿಗೆ ಇರೋ ತನಕ ಕಣಮ್ಮ."

ಇಲ್ಲೇ ನನಗೆ ಬೆಳಕು ಹೊಳೆದದ್ದು. ನಡಿಗೆಯೇ ಇಲ್ಲವಾದರೆ? ಆಡು ಸಾಕುವ ದೋನ್ ಮೆಲಿತೋನ್ ಆ ದಿಬ್ಬವನ್ನು ಮೇಯಿಸಲು ಬಿಟ್ಟುಕೊಡಿ ಎಂದು ಪ್ರತಿ ಮೇ ತಿಂಗಳ ಸಭೆಯಲ್ಲಿ ಕೇಳುತ್ತಾರೆ. ಹೋದ ವರ್ಷ ಕೈ ಎತ್ತಿಸಿ ಎಣಿಸಿದಾಗ ಒಂದೇ ಒಂದು ಕೈ ಕಡಿಮೆಯಾಗಿ ಸೋತರು. ಆ ಒಂದು ಕೈ ನಮ್ಮ ಅಮ್ಮನದು. ಈಗ ಅಮ್ಮ ಕಾಲು ಮುರಿದುಕೊಂಡು ಕೂತಿರುವುದರಿಂದ ಈ ವರ್ಷ ಸಭೆಯಲ್ಲಿ ಅವಳ ಕೈ ನಾನೇ.

ಸಭಾಭವನದ ಹೊರಗೆ ಅವರನ್ನು ಹಿಡಿದೆ. "ದೋನ್ ಮೆಲಿತೋನ್, ಮೇ ತಿಂಗಳಲ್ಲಿ ನಮ್ಮನೆ ಕೈ ನಿಮ್ಮ ಆಡುಗಳಿಗೆ."

"ಯಾಕೆ, ಏನು ಕಿತಾಪತಿ?"

"ಆಡುಗಳ ಮೇಲೆ ಪ್ರೀತಿ."

"ನನ್ನ ಹೋತಕ್ಕೆ ಟೈ ಕಟ್ಟಿದೋಳು ನೀನೇ ತಾನೆ?"

"ಅದೂ ಪ್ರೀತಿಯಿಂದಾನೇ."

ಅವರು ಬಹಳ ಹೊತ್ತು ಯೋಚಿಸಿ ಕೈ ಕುಲುಕಿದರು. ಒಪ್ಪಂದ ಆಯಿತು.

ಫೆಬ್ರವರಿ 15, ಶನಿವಾರ

ಮೊದಲ ದಿನ. ನಾನು ಹೊರುವ ರಾಜ್ಯಭಾರ: ಎರಡು ಕ್ಯಾನ್ ನೀರು, ಹುಲ್ಲಿನ ಟೋಪಿಗಳ ಮೂಟೆ, ಒಂದು ಚಿಮಟ, ಒಂದು ಬಾಚಣಿಗೆ. ಬಾಚಣಿಗೆ ತಲೆಗಲ್ಲ, ಕಾಲಿಗೆ ಕಚ್ಚಿಕೊಂಡ ಮುಳ್ಳುಂಡೆ ಕೀಳಲು.

ಚಿಕ್ಕಮ್ಮ "ಮುಟ್ಟಬೇಡಿ" ಎನ್ನುವ ತನಕ ಯಾರೂ ಏನನ್ನೂ ಮುಟ್ಟಲಿಲ್ಲ. ಹೇಳಿದ ಮೇಲೆ ಎಲ್ಲರೂ ಮುಟ್ಟಿದರು. ಬಾಚಣಿಗೆಗೆ ಬಿಡುವೇ ಇರಲಿಲ್ಲ.

ಕೊನೆಯಲ್ಲಿ ಪ್ರತಿ ಸಂಸಾರವೂ ನಿಂಬೆಹಣ್ಣಿನ ಗಾತ್ರದ ಒಂದು ಗುಂಡುಕಳ್ಳಿಯನ್ನು ಯಾವುದಾದರೂ ಪೊದೆಯ ನೆರಳಿನಲ್ಲಿ ನೆಡಬೇಕು. ನೆಟ್ಟರು, ಫೋಟೋ ಹಿಡಿದರು, ಹೊರಟರು. ಒಬ್ಬ ಹೆಂಗಸು ಹೋಗುವಾಗ ತಾನು ನೆಟ್ಟದ್ದರ ಮೇಲೇ ಕಾಲಿಟ್ಟಳು. ನೋಡಿ ನನಗೇನೂ ಅನಿಸಲಿಲ್ಲ. ಚಿಕ್ಕಮ್ಮ ಮಂಡಿಯೂರಿ ಅದನ್ನು ಮತ್ತೆ ನೆಟ್ಟಗೆ ಕೂರಿಸಿದಳು. ನನ್ನ ಜೊತೆ ಅವಳಿನ್ನೂ ಮಾತು ಬಿಟ್ಟಿದ್ದಾಳೆ. ನಾನು ಜೋರಾಗಿ ಮಾತಾಡಿದರೂ ಕೇಳಿಸದವಳ ಹಾಗಿರುತ್ತಾಳೆ. ಈಗ ಯಾವುದು ಕಿವುಡು, ಯಾವುದು ಕೋಪ ಎಂದು ತಿಳಿಯುವ ದಾರಿಯಿಲ್ಲ.

ಫೆಬ್ರವರಿ 23, ಭಾನುವಾರ

ಬೇಸರ ತಡೆಯಲಾರದೆ ಇಂದು ಒಂದು ಹೊಸ ಧರ್ಮಕಾರ್ಯವನ್ನು ಸ್ಥಾಪಿಸಿದೆ.

ನೆಡುವ ಹೊತ್ತಿಗೆ ಅಮ್ಮನ ಕಪ್ಪು ಶಾಲನ್ನು ಹೊದ್ದು, ನಮ್ಮ ಪಾದ್ರಿಗಳ ಮೂಗಿನ ದನಿಯಲ್ಲಿ ಘೋಷಿಸಿದೆ: "ಈ ದಿಬ್ಬದ ಪುರಾತನ ಸಂಪ್ರದಾಯದಂತೆ" (ವಯಸ್ಸು ಐದು ನಿಮಿಷ) "ಪ್ರತಿ ಕೂಸಿಗೂ ದೀಕ್ಷಾಸ್ನಾನ ಆಗತಕ್ಕದ್ದು. ನೆಟ್ಟವರೇ ಜ್ಞಾನತಂದೆ, ಜ್ಞಾನತಾಯಿ. ಹೆತ್ತವರಷ್ಟೇ ಹೊಣೆ ಅವರದು." ತಲೆಗೆ ಮೂರು ಹನಿ ನೀರು, ಒಂದು ಹೆಸರು, ಒಂದು ಹರಳು ಉಪ್ಪು. ಉಪ್ಪು ಗಿಡಕ್ಕೆ ಹಾಕಿದರೆ ಸಾಯುತ್ತದಾದ್ದರಿಂದ ಜ್ಞಾನತಂದೆಯ ನಾಲಿಗೆಗೆ.

ನಗುತ್ತಾರೆ ಅಂದುಕೊಂಡಿದ್ದೆ. ಹಲ್ಲಿನ ಡಾಕ್ಟರೊಬ್ಬರು ಕಣ್ಣೊರೆಸಿಕೊಂಡರು. ಅವರ ಆರು ವರ್ಷದ ಮಗ ರಾಮೀರೋ ಕೈ ಎತ್ತಿದ.

"ನಾನು ಇದಕ್ಕೆ ಡೈನೋಸಾರ್ ಅಂತ ಹೆಸರಿಡ್ತೀನಿ. ಇದಕ್ಕೆ ಅದು ಗೊತ್ತಾಗುತ್ತಾ?"

"ನಿಧಾನವಾಗಿ ಗೊತ್ತಾಗುತ್ತೆ."

"ಎಷ್ಟು ನಿಧಾನ?"

"ನೀನು ತಾತ ಆಗೋ ಹೊತ್ತಿಗೆ ನಿನ್ನ ಕಡೆ ತಿರುಗಿ ನೋಡುತ್ತೆ."

"ಆಗ ನೀವು ಸತ್ತಿರ್ತೀರ," ಎಂದ ಹುಡುಗ, ಬಹಳ ಮರ್ಯಾದೆಯಿಂದ.

ಬಸ್ಸು ಹೋದ ಮೇಲೆ ಚಿಕ್ಕಮ್ಮ ಎರಡು ವಾರದ ಮೌನ ಮುರಿದಳು. "ಕೂಸುಗಳನ್ನ ಕೈಗೆ ಕೊಟ್ಟೋಳು ನೀನು ತಾನೆ? ಹಾಗಾದ್ರೆ ತಾಯಿ ನೀನೇ. ಅವರೆಲ್ಲಾ ಇನ್ನು ನಿನಗೆ ಕೊಂಪಾದ್ರೆ, ನೀನು ಅವರಿಗೆ ಕೊಮಾದ್ರೆ, ಬೀಗರಿದ್ದ ಹಾಗೆ. ಅವರ ಮನೆ ಮದುವೆಗೆ ಹೋಗ್ಬೇಕು, ಸಾವಿಗೆ ಹೋಗ್ಬೇಕು. ನಿನ್ನ ಮನೆಗೆ ಬಂದ್ರೆ ಕೋಳಿ ಕುಯ್ಯಬೇಕು. ಇದರಲ್ಲಿ ತಮಾಷೆ ನಡೆಯಲ್ಲ."

"ಅದು ಕಳ್ಳಿ, ಚಿಕ್ಕಮ್ಮ."

"ಸ್ಕೂಲಿಗೆ ಸಿಮೆಂಟ್ ನೆಲ ಹಾಕಿಸಿದಾಗ ಅದಕ್ಕೆ ನಿಮ್ಮಪ್ಪ ಜ್ಞಾನತಂದೆ ಆಗಿದ್ದ. ಸಾಯೋ ತನಕ ವರ್ಷಾ ವರ್ಷಾ ಅದನ್ನ ತೊಳೆಸ್ದ."

ಹೀಗೆ ಒಂದೇ ಬೆಳಗಿನಲ್ಲಿ ನಾನು ನಾಲ್ಕು ಮಕ್ಕಳ ತಾಯಿಯೂ ಒಬ್ಬ ಹಲ್ಲಿನ ಡಾಕ್ಟರ ಬಂಧುವೂ ಆದೆ. ಹಲ್ಲು ನೋವು ಬಂದರೆ ಅನುಕೂಲ.

ಮಾರ್ಚ್ 16, ಭಾನುವಾರ

ದೀಕ್ಷಾಸ್ನಾನದ ಸುದ್ದಿ ಪಟ್ಟಣದಲ್ಲಿ ಹಬ್ಬಿದೆ, ಬಸ್ಸು ತುಂಬಿ ಬರುತ್ತಿದೆ. ಆದರೆ ಇಂದು ಒಂದು ಸಂಸಾರ ಕೈಕೊಟ್ಟಿತು. ಒಂದು ಸಸಿ ಅನಾಥವಾಗಿ ಉಳಿಯಿತು. ಆಗ ಕಲ್ಲುಗೋಡೆಯ ಆಚೆ ಗಂಟೆಗಳ ಸದ್ದು. ದೋನ್ ಮೆಲಿತೋನ್ ಆಡುಗಳನ್ನು ಹೊಡೆದುಕೊಂಡು ಹೋಗುತ್ತಿದ್ದರು.

ಇಂಥ ಅವಕಾಶ ಜೀವಮಾನದಲ್ಲಿ ಒಮ್ಮೆ ಬರುತ್ತದೆ. ಆಡಿನ ಮೇವಿಗೆ ಆಡಿನವನೇ ಜ್ಞಾನತಂದೆ.

"ದೋನ್ ಮೆಲಿತೋನ್, ಈ ಕೂಸಿಗೆ ದಿಕ್ಕಿಲ್ಲ. ನೀವಾಗ್ತೀರಾ?"

ಅವರು ಅಲ್ಲೇ ನಿಂತರು. ಟೋಪಿ ತೆಗೆದರು. "ನಾನಾ?"

"ನೀವೇ."

"ಸ್ನಾನ ಮಾಡಿಲ್ಲ ಕಣಮ್ಮ."

"ಕೂಸೂ ಮಾಡಿಲ್ಲ. ಈಗ ಮಾಡುತ್ತೆ."

ಅಂಗೈಗೆ ಉಗುಳಿಕೊಂಡು ಕೂದಲು ಒತ್ತಿಕೊಂಡರು. ಆಡುಗಳನ್ನು ನಾಯಿಗೆ ವಹಿಸಿ ಗೋಡೆ ಹತ್ತಿ ಇಳಿದು ಬಂದರು. ಉಪ್ಪಿಗೆ ನಾಲಿಗೆ ಚಾಚಿ ಕಣ್ಣು ಮುಚ್ಚಿಕೊಂಡರು. ಹೆಸರೇನಿಡುತ್ತೀರಿ ಎಂದು ಕೇಳಿದೆ. "ಕಾಂದೆಲಾರಿಯಾ. ನಮ್ಮವ್ವನ ಹೆಸರು." ಆಡುಗಳ ಬಗ್ಗೆ ಒಂದು ಒಳ್ಳೆಯ ಚಟಾಕಿ ಸಿದ್ಧಮಾಡಿ ಇಟ್ಟುಕೊಂಡಿದ್ದೆ. ಅದು ಯಾಕೋ ಬಾಯಿಗೆ ಬರಲಿಲ್ಲ. ಬಿಸಿಲಿಗಿರಬೇಕು.

ಮುಗಿದ ಮೇಲೆ ನನ್ನ ಕೈ ಹಿಡಿದು, "ಬರ್ತೀನಿ ಕೊಮಾದ್ರೆ. ನೀವು ದೊಡ್ಡ ಮನಸ್ಸು ಮಾಡಿದ್ರಿ," ಎಂದರು. ನಾನು ತೊಟ್ಟಿಲಲ್ಲಿದ್ದಾಗಿನಿಂದ ನನ್ನನ್ನು "ನೀನು" ಎಂದವರು. ಹೋತಕ್ಕೆ ಟೈ ಕಟ್ಟಿದ ದಿನ ಅದಕ್ಕಿಂತ ಕೆಟ್ಟದಾಗಿಯೂ ಕರೆದಿದ್ದರು.

ಮಾರ್ಚ್ 30, ಭಾನುವಾರ

ಕೊಂಪಾದ್ರೆ ಮೆಲಿತೋನ್ ದಿನಾ ಬೆಳಿಗ್ಗೆ ಬಾಟಲಿಯಲ್ಲಿ ನೀರು ತಂದು ಕಾಂದೆಲಾರಿಯಾಗೆ ಹನಿ ಹನಿಯಾಗಿ ಕುಡಿಸುತ್ತಾರೆ. ಇಂದು ಕೇಳಿಯೇಬಿಟ್ಟೆ.

"ಹಾಗಾದ್ರೆ ಮೇ ತಿಂಗಳ ಅರ್ಜಿ ಬಿಟ್ರಾ?"

"ಯಾಕೆ ಬಿಡ್ಲಿ? ಜ್ಞಾನಮಗಳು ಬೇರೆ, ಮೇವು ಬೇರೆ. ದಿಬ್ಬ ಸಿಕ್ಕಿದ ದಿನಾನೇ ಇವಳ ಸುತ್ತ ಬೇಲಿ ಹಾಕಿಸ್ತೀನಿ."

"ಮಿಕ್ಕಿದ್ದಕ್ಕೆ?"

"ಮಿಕ್ಕಿದ್ದಕ್ಕೆ ಅವುಗಳ ಜ್ಞಾನತಂದೆಯರಿದಾರೆ."

"ಅವರು ಪ್ವೆಬ್ಲಾದಲ್ಲಿದಾರೆ."

"ಅದಕ್ಕೆ ನಾನೇನ್ ಮಾಡ್ಲಿ? ನಿಮ್ಮ ಕೈ ನನಗೇ ತಾನೆ, ಕೊಮಾದ್ರೆ?"

"ನಿಮಗೇ," ಎಂದೆ. ಸ್ವಲ್ಪ ತಡವಾಯಿತು. ಟೋಪಿಯ ಮೇಲಿನ ನೊಣ ಓಡಿಸುತ್ತಿದ್ದೆ.

ಏಪ್ರಿಲ್ 12, ಶನಿವಾರ

ಸೆಕೆಗೆ ನಿದ್ದೆ ಬರುವುದಿಲ್ಲ. ಎದ್ದ ಮೇಲೆ ಸುಮ್ಮನೆ ಕೂರುವ ಬದಲು ಎರಡು ಕ್ಯಾನ್ ನೀರು ಹೊತ್ತು ದಿಬ್ಬ ಹತ್ತಿ ಬಂದೆ. ವ್ಯಾಯಾಮ. ದಾರಿಯಲ್ಲಿ ಸಸಿಗಳಿದ್ದವು, ನೀರೂ ಇತ್ತು, ಅಷ್ಟೆ.

ಇಂದು ಒಬ್ಬ ಮಹಾಶಯ ತನ್ನ ಸಸಿಯನ್ನು ಬಟಾಬಯಲಿನಲ್ಲಿ ನೆಡುತ್ತೇನೆಂದ. ಫೋಟೋಗೆ ಬೆಳಕು ಬೇಕಂತೆ. ಪೊದೆ ಎಂದರೆ ಅದಕ್ಕೆ ದಾದಿ ಇದ್ದ ಹಾಗೆ, ದಾದಿಯ ಮಡಿಲಿಂದ ಕೂಸನ್ನು ಎತ್ತಿ ಒಲೆಯ ಮೇಲಿಡುತ್ತೀರಾ, ನಿಮಗೆ ಮಕ್ಕಳಿದ್ದಾರೆಯೇ ಎಂದು ಕೇಳಿದೆ. ಇದ್ದರು, ಮೂವರೂ ನಮ್ಮನ್ನೇ ನೋಡುತ್ತಿದ್ದರು. ಮಹಾಶಯ ಪೊದೆಯೊಳಗೆ ತಲೆ ತೂರಿಸಿ ನೆಟ್ಟ. ಬಾಚಣಿಗೆ ಬೇಕಾಯಿತು. ಕೊಟ್ಟೆ, ಆದರೆ ಸ್ವಲ್ಪ ತಡವಾಗಿ.

ಏಪ್ರಿಲ್ 20, ಈಸ್ಟರ್ ಭಾನುವಾರ

ರಾಮೀರೋ ಬಂದಿದ್ದ. ಡೈನೋಸಾರ್‌ಗೆ ಎರಡು ತಿಂಗಳು ತುಂಬುತ್ತದೆಂದು ಕೇಕು ತಂದಿದ್ದ. ಗಿಡದ ಮುಂದೆ ಕೂತು ಗಿಡದ ಪಾಲನ್ನೂ ತಾನೇ ತಿಂದ. ಇನ್ನೊಂದು ಹತ್ತು ಹುಡುಗರು ಸುತ್ತ ನಿಂತು ಹುಟ್ಟುಹಬ್ಬದ ಹಾಡನ್ನು ಗಂಟಲು ಹರಿಯುವ ಹಾಗೆ ಹಾಡಿದರು. ಚಿಕ್ಕಮ್ಮ ಬಂಡೆಯ ಮೇಲೆ ಕೂತು ತಾಳ ಹಾಕುತ್ತಿದ್ದಳು.

"ಈ ಸಲ ಮೆಲಿತೋನಂಗೆ ದಿಬ್ಬ ಸಿಗುತ್ತೆ ಅಂತಾರೆ," ಎಂದಳು.

"ಸಿಕ್ಕರೆ ನಿನಗೂ ವಿಶ್ರಾಂತಿ."

"ಮನೇಲಿ ನಿಮ್ಮ ಚಿಕ್ಕಪ್ಪ ಗೊಣಗೊಣ ಅಂತಾನೆ, ಸೊಸೆ ಗೊಣಗೊಣ ಅಂತಾಳೆ. ಯಾರೂ ಎರಡನೇ ಸಲ ಹೇಳಲ್ಲ. ನಾನೂ ಕೇಳೋದು ಬಿಟ್ಟೆ. ಇಲ್ಲಿ ಈ ಮುಂಡೇವು ಕಿರಿಚ್ತಾವಲ್ಲ, ಒಂದೊಂದು ಮಾತೂ ಕೇಳ್ಸುತ್ತೆ ನೋಡು."

ಕೇಕು ಚೆನ್ನಾಗಿತ್ತು. ನನ್ನ ಪಾಲಿನ ಅರ್ಧವನ್ನು ಚಿಕ್ಕಮ್ಮನ ಕೈಗಿಟ್ಟೆ.

ಮೇ 4, ಭಾನುವಾರ

ಬೆಳಿಗ್ಗೆ ಹೋದಾಗ ಕಾಂದೆಲಾರಿಯಾ ಇರಲಿಲ್ಲ. ಬೇರಿನ ತುಂಡು, ಅದರ ಪಕ್ಕ ಗೊರಸಿನ ಗುರುತು. ಒಣಗಿದ ಇಡೀ ದಿಬ್ಬದಲ್ಲಿ ರಸ ತುಂಬಿಕೊಂಡು ದುಂಡಗಿದ್ದದ್ದು ಅದೊಂದೇ. ದಿನಾ ಬಾಟಲಿ ನೀರು ಕುಡಿದು ಬೆಳೆದದ್ದು. ಗೋಡೆ ಹಾರಿ ಬಂದ ಆಡು ಮಿಕ್ಕ ಯಾವ ಸಸಿಯನ್ನೂ ಮೂಸಿ ಕೂಡ ನೋಡಿಲ್ಲ.

ಸಂಜೆ ಬಾಗಿಲು ತಟ್ಟಿದ ಸದ್ದು. ದೋನ್ ಮೆಲಿತೋನ್ ಕಪ್ಪು ಕೋಟು ತೊಟ್ಟು ನಿಂತಿದ್ದರು. ಕೈಯಲ್ಲಿ ಮೇಣದಬತ್ತಿ, ಬಿಳಿ ಹೂವು, ಮಡಿಸಿದ ಬಿಳಿ ಬಟ್ಟೆ. ಕೂಸು ತೀರಿಕೊಂಡರೆ ಜ್ಞಾನತಂದೆ ಏನೇನು ತರಬೇಕೋ ಅಷ್ಟೂ.

ನನಗೆ ನಗು ಉಕ್ಕಿ ಬಂತು. ಅವರ ಕೈಯಲ್ಲಿದ್ದ ಹೂವು ಇಸಿದುಕೊಳ್ಳುವಷ್ಟರಲ್ಲಿ ಅದು ಹೋಗಿತ್ತು.

"ಒಳಗೆ ಬನ್ನಿ," ಎಂದಳು ಅಮ್ಮ, ಕುರ್ಚಿಯ ಮೇಲಿದ್ದ ಮುರಿದ ಕಾಲನ್ನು ಕೆಳಗಿಳಿಸಿ.

"ದೊರೆಸಾನಿ ತಿಂದ್ಲು," ಎಂದರು. ದೊರೆಸಾನಿ ಎಂದರೆ ಅವರ ಹಿಂಡಿನಲ್ಲೇ ಹೆಚ್ಚು ಹಾಲು ಕೊಡುವ ಆಡು. "ಕಟ್ಟಿಹಾಕಿದೀನಿ. ಇವತ್ತು ಹಾಲು ಕರೀಲಿಲ್ಲ, ಮನಸ್ಸು ಬರಲಿಲ್ಲ. ನೀರು ಹಾಕಿ ಹಾಕಿ ನಾನೇ ಅವಳ ಬಾಯಿಗೆ ತಯಾರು ಮಾಡಿಕೊಟ್ಟ ಹಾಗಾಯ್ತು, ಕೊಮಾದ್ರೆ."

ಅವರು ತಂದ ಮೇಣದಬತ್ತಿಯನ್ನು ಹಚ್ಚಿಟ್ಟೆ.

ಮೇ 5, ಸೋಮವಾರ

ಮಣ್ಣು ಮಾಡಿದೆವು. ಬೇರಿನ ತುಂಡನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಅದೇ ಪೊದೆಯ ಕೆಳಗೆ. ಅಭ್ಯಾಸಬಲದಿಂದ ನಾನು ಶಾಲು ಹೊದ್ದು ಪಾದ್ರಿಯ ದನಿ ತೆಗೆಯಲು ಹೊರಟೆ. ದೋನ್ ಮೆಲಿತೋನ್ ಮೆಲ್ಲಗೆ ತೋಳು ಮುಟ್ಟಿದರು.

"ನೀವು ತಾಯಿ, ಕೊಮಾದ್ರೆ. ತಾಯಿ ಏನೂ ಮಾತಾಡಬೇಕಾಗಿಲ್ಲ."

ಶಾಲು ಮಡಿಸಿಟ್ಟೆ. ಚಿಕ್ಕಮ್ಮ ಪ್ರಾರ್ಥನೆ ಹೇಳಿದಳು, ತನಗೆ ಕೇಳಿಸುವಷ್ಟು ಜೋರಾಗಿ.

ಮೇ 10, ಶನಿವಾರ

ತಾಯಂದಿರ ದಿನ. ಮದುವೆಯಾಗದ, ಹದಿನೆಂಟರ ಹರೆಯದ ನನಗೆ ಪ್ವೆಬ್ಲಾದ ಕೊಂಪಾದ್ರೆ, ಕೊಮಾದ್ರೆಯರಿಂದ ಬೆಳಿಗ್ಗೆಯಿಂದ ಶುಭಾಶಯ ಬರುತ್ತಲೇ ಇವೆ. ರಾಮೀರೋ ಕಳಿಸಿದ ಚಿತ್ರದಲ್ಲಿ ನಾನು ಮುಳ್ಳಿನ ಚೆಂಡುಗಳನ್ನು ಎತ್ತಿಕೊಂಡು ನಿಂತಿದ್ದೇನೆ, ನನಗೆ ಮೀಸೆಯಿದೆ. ಅಮ್ಮ ಅದನ್ನು ಗೋಡೆಗೆ ಅಂಟಿಸಿದಳು. "ಹೊಟ್ಟೇಲಿ ಹೊತ್ತೋಳು ನಾನು. ನನಗೆ ಒಂದು ಹೂವೂ ಇಲ್ಲ," ಎಂದು ಗೊಣಗಿದಳು.

ನಾಳೆ ಸಭೆ. ದೋನ್ ಮೆಲಿತೋನ್ ಕಡೆಯವರು ಕೈ ಲೆಕ್ಕ ಹಾಕಿದ್ದಾರಂತೆ. ನನ್ನದೂ ಸೇರಿದರೆ ಗೆಲುವು ಖಂಡಿತ. ನನ್ನ ಬಿಡುಗಡೆಯೂ ಖಂಡಿತ. ಬಹಳ ಸಂತೋಷವಾಗುತ್ತಿದೆ. ರಾತ್ರಿ ಮತ್ತೆ ಎರಡು ಕ್ಯಾನ್ ನೀರು ಹೊತ್ತು ದಿಬ್ಬ ಹತ್ತಿ ಬಂದೆ, ಸಂತೋಷಕ್ಕೇ ಇರಬೇಕು.

ಮೇ 11, ಭಾನುವಾರ

ಘನ ಮಹಾಸಭೆಯ ಕಲಾಪ, ಅಪರಾಧಿಯೇ ಬರೆದಂತೆ.

ದೋನ್ ಎಲಾದಿಯೋ ಕರೆದರು: "ದೋನ್ ಮೆಲಿತೋನ್, ನಿಮ್ಮ ಅರ್ಜಿ."

ಅವರು ಎದ್ದರು. ಅದೇ ಕಪ್ಪು ಕೋಟು. "ಅರ್ಜಿ ಇದೆ. ದಿಬ್ಬ ನನಗೆ ಬೇಕೇ ಬೇಕು. ಆದ್ರೆ ಇವತ್ತು ಕೇಳೋಕಾಗಲ್ಲ. ಜ್ಞಾನಮಗಳು ತೀರಿಕೊಂಡು ಒಂಬತ್ತು ದಿನ ಆಗಿಲ್ಲ. ಸೂತಕದಲ್ಲಿ ಯಾರ ಹತ್ರಾನೂ ಏನೂ ಬೇಡಬಾರದು."

ಹಿಂದಿನ ಬೆಂಚಿನಿಂದ ಅವರ ತಮ್ಮನೇ ಕೂಗಿದ: "ಕಳ್ಳಿಗೆ ಎಂಥಾ ಸೂತಕ ಅಣ್ಣಾ? ಕೈ ಲೆಕ್ಕ ನಮ್ಮ ಕಡೆ ಇದೆ, ಕೇಳು."

"ಬಾಸ್ಕೆಟ್‌ಬಾಲ್ ಕಂಬಕ್ಕೆ ನೀನು ಜ್ಞಾನತಂದೆ ಆಗಿದ್ದೆಯಲ್ಲ. ಅದು ಗಾಳಿಗೆ ಬಿದ್ದಾಗ ಮೂರು ದಿನ ಕುಡಿದೋನು ಯಾರು?"

ಅರ್ಧ ಸಭೆ ನಕ್ಕಿತು, ಅರ್ಧ ಸಭೆ ತಲೆದೂಗಿತು. ಈ ವರ್ಷ ಕೇಳದಿದ್ದರೆ ಅರ್ಜಿ ಮುಂದಿನ ಮೇ ತಿಂಗಳಿಗೆ ಹೋಗುತ್ತದೆ, ಅದು ನಿಯಮ. ಗದ್ದಲ ಜೋರಾಯಿತು. ದೋನ್ ಎಲಾದಿಯೋ ಗಂಟೆ ಬಾರಿಸಿ ನನ್ನ ಕಡೆ ತಿರುಗಿದರು.

"ಎದೆಲ್ಮೀರಾ, ಎದ್ದು ನಿಂತ್ಕೋ. ನೀರು ಹಾಕಿದ್ರಾ?"

"ಹಾಕಿದ್ವಿ."

"ಉಪ್ಪು?"

"ಅವರ ನಾಲಿಗೆಗೆ."

"ಹೆಸರಿಟ್ರಾ?"

"ಕಾಂದೆಲಾರಿಯಾ."

ಅವರು ಕನ್ನಡಕ ತೆಗೆದರು. "ಈಗ ಸರಿಯಾಗಿ ಹೇಳು. ನಿನ್ನನ್ನ ಊರೆಲ್ಲಾ ಬಲ್ಲದು. ತಮಾಷೆಗೆ ಮಾಡಿದ್ದಾ, ನಿಜವಾಗಿ ಮಾಡಿದ್ದಾ? ತಮಾಷೆ ಅಂದ್ರೆ ಸೂತಕ ಇಲ್ಲ, ಈಗ್ಲೇ ಕೈ ಎತ್ತಿಸ್ತೀನಿ."

ಅಂದರೆ ಒಂದೇ ಮಾತು. ಅದೂ ಸತ್ಯವಾದ ಮಾತು. "ತಮಾಷೆಗೆ" ಎಂದರೆ ದಿಬ್ಬ ಆಡುಗಳಿಗೆ, ನಾನು ಮನೆಗೆ. ಜೀವಮಾನದಲ್ಲಿ ಮೊದಲ ಬಾರಿಗೆ ಸತ್ಯ ನನಗೆ ಲಾಭ ತರುವಂತಿತ್ತು.

ದೋನ್ ಮೆಲಿತೋನ್ ನನ್ನ ಕಡೆ ನೋಡಲೂ ಇಲ್ಲ. ನಾನೇನು ಹೇಳುತ್ತೇನೆಂಬ ಬಗ್ಗೆ ಅವರಿಗೆ ಅನುಮಾನವೇ ಇದ್ದಂತಿರಲಿಲ್ಲ. ಚಿಕ್ಕಮ್ಮ ಮಾತ್ರ ಅಂಗೈಯನ್ನು ಕಿವಿಗೆ ಆನಿಸಿಕೊಂಡು, ಕತ್ತು ಮುಂದೆ ಚಾಚಿ ನನ್ನ ತುಟಿಯನ್ನೇ ನೋಡುತ್ತಿದ್ದಳು.

"ನಿಜವಾಗಿ," ಎಂದೆ.

"ಏನು?" ಎಂದಳು ಚಿಕ್ಕಮ್ಮ.

"ನಿಜವಾಗಿ ಮಾಡಿದ್ದು," ಎಂದು ಕಿರಿಚಿದೆ. ಸಭಾಭವನದ ಹೊರಗಿನ ನಾಯಿಗಳೂ ಎದ್ದವು.

ಇದಕ್ಕೆ ಕಾರಣ ಸರಳ. ಯಾವ ಕಲಾವಿದನೂ ಪ್ರೇಕ್ಷಕರೆದುರು ತನ್ನ ಕಲೆಯನ್ನು ತಮಾಷೆ ಎಂದು ಒಪ್ಪಿಕೊಳ್ಳುವುದಿಲ್ಲ. ಬೇರೇನೂ ಅಲ್ಲ. ಅರ್ಜಿ ಮುಂದಿನ ವರ್ಷಕ್ಕೆ ಹೋಯಿತು, ನನ್ನ ಬಿಟ್ಟಿ ಚಾಕರಿ ಹಾಗೇ ಉಳಿಯಿತು. ಸಭೆ ಮುಗಿಯುವ ಮುಂಚೆ ಯಾರೋ ಒಬ್ಬರು ಎದ್ದು, ದಿಬ್ಬದ ಗೋಡೆಯನ್ನು ಒಂದು ಮೊಳ ಏರಿಸದಿದ್ದರೆ ನೋಡಿ ಎಂದು ಅಧ್ಯಕ್ಷರಿಗೇ ಧಮಕಿ ಹಾಕಿದರು. ಆ ಯಾರೋ ನಾನೇ ಎಂದು ಈಗ ಊರೆಲ್ಲ ಹೇಳುತ್ತಿದೆ. ನನಗೆ ಸರಿಯಾಗಿ ನೆನಪಿಲ್ಲ.

ಮೇ 13, ಮಂಗಳವಾರ

ಒಂಬತ್ತು ದಿನ ಮುಗಿಯಿತು. ಅಮ್ಮ ಜೋಳದ ಗಂಜಿ ಕಾಯಿಸಿದಳು. ಚಿಕ್ಕಮ್ಮ ಎಲೆಯಲ್ಲಿ ಸುತ್ತಿ ಬೇಯಿಸಿದ ಕಡುಬು ತಂದಳು. ದೋನ್ ಮೆಲಿತೋನ್ ಕೋಟು ಕಳಚಿ ಕುರ್ಚಿಯ ಬೆನ್ನಿಗೆ ಹಾಕಿ, ಐದು ಕಡುಬು ಮುಗಿಸಿದರು.

"ದೊರೆಸಾನಿನ ಬಿಚ್ಚಿದ್ರಾ?" ಎಂದು ಕೇಳಿದೆ.

"ಬಿಚ್ಚಿದೆ. ಆಡು ಆಡಿನ ಕೆಲಸ ಮಾಡ್ತು, ಅದಕ್ಕೇನು ಗೊತ್ತು ಬಂಧುತ್ವ. ಈಗ್ಲೇ ಹೇಳಿಬಿಡ್ತೀನಿ ಕೊಮಾದ್ರೆ, ಬರೋ ಮೇ ತಿಂಗಳಲ್ಲಿ ದಿಬ್ಬ ಕೇಳೇ ಕೇಳ್ತೀನಿ."

"ಕೇಳಿ. ನನ್ನ ಕೈ ಮಾತ್ರ ಸಿಗಲ್ಲ."

"ಅದು ಗೊತ್ತಾಯ್ತು ಬಿಡಿ."

ಗಂಜಿ ಕುಡಿದು ಮುಗಿಸಿದರು. ಲೋಟ ಕೆಳಗಿಟ್ಟರು. ಟೋಪಿಯನ್ನು ಮಂಡಿಯ ಮೇಲೆ ಒಂದು ಸುತ್ತು ತಿರುಗಿಸಿದರು.

"ಶನಿವಾರ ಇನ್ನೊಂದು ಕೂಸು ಕೊಡ್ತೀರಾ?" ಎಂದರು. "ಈ ಸಲ ಸ್ವಲ್ಪ ಮುಳ್ಳು ಜಾಸ್ತಿ ಇರೋದು ನೋಡಿ ಕೊಡಿ."